ಹೊರಗೆ ಅರವತ್ತು, ಒಳಗೆ ಸೊನ್ನೆ!

ಬೆಂಗಳೂರಿನ ಆ ವರ್ಕ್‌ಶಾಪಿನ ಬಾಗಿಲ ಮೇಲಿನ ಬೋರ್ಡು ನೋಡಿದರೆ ನಿಮಗೆ ಖುಷಿಯಾಗುತ್ತದೆ. 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ಬಂದು, ನಾಮಫಲಕದಲ್ಲಿ ಶೇಕಡ 60 ಕನ್ನಡ ಇರಲೇಬೇಕು ಎಂದಾಯಿತಲ್ಲ, ಅದರಂತೆ ದಪ್ಪ ಅಕ್ಷರದ ಕನ್ನಡ ಮೇಲೆ ಕೂತಿದೆ. ಅಳತೆ ಟೇಪು ಹಿಡಿದು ನೋಡಿದರೂ ತಪ್ಪು ಸಿಗುವುದಿಲ್ಲ. ನಾವೂ ಕೈ ತಟ್ಟಿ ಮನೆಗೆ ಹೋದೆವು.

ಒಳಗೆ ಹೋಗಿ ನೋಡಿದ್ದೀರಾ?

ನಾನು ಹೋಗಿದ್ದೆ. ತಿಂಗಳ ಚಂದಾ ಕಟ್ಟಿದರೆ ಯಾರು ಬೇಕಾದರೂ ಹೋಗಿ ಮೆಷಿನ್ ಮುಟ್ಟಬಹುದಾದ ಸಮುದಾಯ ವರ್ಕ್‌ಶಾಪು ಅದು. ಡ್ರಿಲ್ಲು, ಲೇತು, ಪ್ಲಾಸ್ಟಿಕ್ಕಿನಲ್ಲಿ ಮಾದರಿ ಮಾಡಿಕೊಡುವ ತ್ರೀ-ಡಿ ಪ್ರಿಂಟರು, ಎಲ್ಲ ಇವೆ. ಆಲೋಚನೆ ಒಳ್ಳೆಯದೇ, ಅದಕ್ಕೆ ನನ್ನ ತಕರಾರಿಲ್ಲ. ನನ್ನ ಜೊತೆ ಬಂದವನು ಕಾಮಾಕ್ಷಿಪಾಳ್ಯದ ಹುಡುಗ, ಹತ್ತೊಂಬತ್ತು ವರ್ಷ. ಅಪ್ಪ ಶೀಟ್ ಮೆಟಲ್ ಕೆಲಸದವರು. ಮನೆಯಲ್ಲಿ ಅಪ್ಪನ ಹಳೆಯ ಯೆಜ್ಡಿ ಇದೆ. ಅದರ ಹಾರ್ನ್ ಹಿಡಿದಿಡುವ ಬ್ರಾಕೆಟ್ಟು ಅದುರಿ ಅದುರಿ ಮುರಿದುಬಿದ್ದಿತ್ತು. ಒರಿಜಿನಲ್ ಎಲ್ಲಿ ಸಿಗಬೇಕು? ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಗಾಡಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಹುಡುಕಿ ಸಾಕಾಗಿ, ನಾವೇ ಮಾಡೋಣ ಅಂದೆವು.

ಕೆಲಸ ಚೆನ್ನಾಗಿಯೇ ಶುರುವಾಯಿತು. ಮೊದಲು ಹಳೆಯ ಮದುವೆ ಕರೆಯೋಲೆಯ ರಟ್ಟು ಕತ್ತರಿಸಿ ಗಾಡಿಗೆ ಹಿಡಿದು ನೋಡಿದ. ನಗಬೇಡಿ, ಇದಕ್ಕಿಂತ ಅಗ್ಗದ, ಇದಕ್ಕಿಂತ ಒಳ್ಳೆಯ ಮೊದಲ ಮಾದರಿ ಇನ್ನೊಂದಿಲ್ಲ. ಆಮೇಲೆ ವರ್ನಿಯರ್ ಹಿಡಿದು ತೂತಿನಿಂದ ತೂತಿಗೆ ಅಳೆದು, ಕಂಪ್ಯೂಟರಿನಲ್ಲಿ ಚಿತ್ರ ಬರೆದು, ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲಿ ಒಂದು ಪ್ರಿಂಟ್ ತೆಗೆದೆವು. ಅದು ಕೂರುತ್ತದೋ ಇಲ್ಲವೋ ನೋಡುವುದಕ್ಕೆ ಮಾತ್ರ. ಅದನ್ನೇ ಗಾಡಿಗೆ ಬಿಟ್ಟು ಓಡಿಸಿದರೆ ಕೆಟ್ಟಿರಿ. 60 ಡಿಗ್ರಿ ಹತ್ತಿರ ಬರುತ್ತಲೇ ಅದು ಮೆತ್ತಗಾಗುತ್ತದೆ, ಪದರ ಪದರವಾಗಿ ಕಟ್ಟಿದ್ದರಿಂದ ಅದುರಿದರೆ ಪದರದಲ್ಲೇ ಬಿಡುತ್ತದೆ. ನಾನು ಒಮ್ಮೆ ಸಿಲಿಂಡರ್ ಪಕ್ಕ ಹಾಕಿ ನೋಡಿದವನು. ಸಂಜೆಗೆ ಅದು ಬಿಸಿಲಿಗಿಟ್ಟ ಬೆಲ್ಲದಂತೆ ಜೋತುಬಿದ್ದಿತ್ತು!

ಕೊನೆಗೆ 3 ಮಿಲಿಮೀಟರ್ ಕಬ್ಬಿಣದ ಶೀಟು. ಇಲ್ಲಿ ಹುಡುಗ ಬಾಯಿಬಿಟ್ಟ: 'ಸಾರ್, ಮಡಿಕೆಗೆ ಕಳೀಬೇಕು. ಹಿಂಗೇ ಕತ್ತರಿಸಿದ್ರೆ ಉದ್ದ ಬರುತ್ತೆ.'

ಕಲಿಸುವವರು 'ಇಂಗ್ಲಿಷ್ ಪ್ಲೀಸ್' ಅಂದರು.

ಹುಡುಗ ಸುಮ್ಮನಾದ. ನಾನು ಇಂಗ್ಲಿಷಿನಲ್ಲಿ ಹೇಳಹೊರಟೆ, ಮಡಿಕೆಗೆ ಅವರ ಭಾಷೆಯಲ್ಲಿ ಏನನ್ನಬೇಕೋ ಗೊತ್ತಾಗದೆ ನಾನೂ ತಡವರಿಸಿದೆ. ಎರಡು ಬದಿಯ ಹೊರ ಅಳತೆ ಕೂಡಿಸಿ ಹಾಗೇ ಕತ್ತರಿಸಲು ಕೊಟ್ಟರು. ಶೀಟನ್ನು ಮಡಿಸುವಾಗ ಮೂಲೆಯಲ್ಲಿ ಅದು ಚೌಕವಾಗಿ ತಿರುಗುವುದಿಲ್ಲ, ದುಂಡಗೆ ತಿರುಗುತ್ತದೆ. ಆ ಅಡ್ಡದಾರಿಯಲ್ಲಿ ಉಳಿದ ಉದ್ದವನ್ನು ಮೊದಲೇ ಕಳೆದು ಕತ್ತರಿಸಬೇಕು. 3 ಮಿಲಿಮೀಟರ್ ಶೀಟಿಗೆ, ಅಷ್ಟೇ ಒಳದುಂಡು ಕೊಟ್ಟರೆ, ಹೆಚ್ಚುಕಡಿಮೆ 5 ಮಿಲಿಮೀಟರ್. ಕಾಮಾಕ್ಷಿಪಾಳ್ಯದ ಯಾವ ಶೆಡ್ಡಿನಲ್ಲಿ ಕೇಳಿದರೂ ಹೇಳುತ್ತಾರೆ. ನಾಲ್ಕು ದಿನ ಕಾದು ಬಂದ ಬ್ರಾಕೆಟ್ಟು ಸರಿಯಾಗಿ 5 ಮಿಲಿಮೀಟರ್ ಉದ್ದ. ತೂತಿಗೆ ತೂತು ಕೂಡಲಿಲ್ಲ.

ಸರಿ, ಹೊಸ ತೂತು ಹೊಡೆದುಬಿಡು ಅಂದರು. ಹುಡುಗ ಡ್ರಿಲ್ ಮುಂದೆ ನಿಂತ. ಶೀಟಿನ ಅಂಚು ಕೊಯ್ಯದಿರಲೆಂದು ಬೆಳಿಗ್ಗೆ ಅವರೇ ಕೊಟ್ಟಿದ್ದ ಗ್ಲೌಸು ಕೈಯಲ್ಲೇ ಇತ್ತು. ಅಂಚು ಹಿಡಿಯುವಾಗ ಗ್ಲೌಸು ಬೇಕು, ತಿರುಗುವ ಮೆಷಿನ್ ಮುಂದೆ ಅದೇ ಯಮ. ದಾರ ಸಿಕ್ಕಿತು, ಬಟ್ಟೆ ಸುತ್ತಿತು, ಹೆಬ್ಬೆರಳು ಒಳಗೆ ಹೋಯಿತು. ನಾನು ಸ್ವಿಚ್ಚು ಆರಿಸುವಷ್ಟರಲ್ಲಿ ರಕ್ತ. ನಾಲ್ಕು ಹೊಲಿಗೆ ಬಿತ್ತು. ಬೆರಳು ಉಳಿಯಿತು.

ಡ್ರಿಲ್ ಪಕ್ಕದ ಗೋಡೆಯಲ್ಲಿ ಬೋರ್ಡು ಇರಲಿಲ್ಲವೇ? ಇತ್ತು ಸ್ವಾಮಿ, ಚೆಂದದ ಬೋರ್ಡು. ಗ್ಲೌಸು ಹಾಕಬಾರದು, ಉದ್ದ ಕೂದಲು ಕಟ್ಟಬೇಕು, ಕೆಲಸದ ತುಂಡನ್ನು ವೈಸ್‌ನಲ್ಲಿ ಬಿಗಿಯಬೇಕು, ಹನ್ನೊಂದು ಸಾಲು. ಹನ್ನೊಂದೂ ಇಂಗ್ಲಿಷು! ರಸ್ತೆಯಲ್ಲಿ ಹೋಗುವವನಿಗೆ ಅಂಗಡಿಯ ಹೆಸರು ಕನ್ನಡದಲ್ಲಿ ಬೇಕು, ಬೆರಳು ಒಡ್ಡಿ ನಿಂತವನಿಗೆ ಬೇಡವೇ?

ಕೇಳಿದ್ದಕ್ಕೆ ಸಿಕ್ಕ ಉತ್ತರ: 'ಟೆಕ್ನಿಕಲ್ ವಿಷಯ, ಕನ್ನಡದಲ್ಲಿ ಪದಗಳಿಲ್ಲ.'

ಯಾವ ನೆಲದ ಮೇಲೆ ನಿಂತು ಈ ಮಾತು? 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಹುಟ್ಟಿ ದೇಶಕ್ಕೆಲ್ಲ ಲೇತು ಕಳಿಸಿದ ಊರಿನಲ್ಲಿ! ಕುಲುಮೆ, ತಿದಿ, ಎರಕ, ಅಚ್ಚು, ಬೆಸುಗೆ, ಅರ, ತಿರುಪು... ನಮ್ಮ ಕಮ್ಮಾರರ ನಾಲಗೆಯ ಮೇಲೆ ಇವು ಎಷ್ಟು ಕಾಲದಿಂದ ಇವೆಯೋ. ಇಲ್ಲದ್ದನ್ನು ಕಡ ತಂದು ಉಕಾರ ಹಚ್ಚಿಕೊಂಡಿದ್ದೇವೆ: ಡ್ರಿಲ್ಲು, ಬೋಲ್ಟು, ಬ್ರಾಕೆಟ್ಟು. 'ಡ್ರಿಲ್ ಮುಂದೆ ಗ್ಲೌಸ್ ಹಾಕಬೇಡಿ.' ನಾಲ್ಕು ಪದ. ಇದಕ್ಕೆ ನಿಘಂಟು ಬೇಕೇ, ತಜ್ಞರ ಸಮಿತಿ ಬೇಕೇ?

ಒಂದು ಮಾತು ಹೇಳಲೇಬೇಕು. ಆ ಕಲಿಸುವವರು ಕೆಟ್ಟವರಲ್ಲ. ಹುಡುಗನನ್ನು ತಮ್ಮ ಗಾಡಿಯಲ್ಲೇ ಆಸ್ಪತ್ರೆಗೆ ಒಯ್ದರು, ಬಿಲ್ಲನ್ನೂ ಕಟ್ಟಿದರು. ಹೊರ ರಾಜ್ಯದವರು, ನಮ್ಮ ಮಾತು ಇನ್ನೂ ಕಲಿತಿಲ್ಲ. ಅವರಿಗಿಂತ ನನಗೆ ಸಿಟ್ಟು ನಮ್ಮ ಮೇಲೆ. ಅಂದು ಆ ಶೆಡ್ಡಿನಲ್ಲಿ ಕನ್ನಡ ಬಲ್ಲವರು ಏಳು ಜನ ಇದ್ದೆವು. ಏಳೂ ಜನ ಇಂಗ್ಲಿಷಿನಲ್ಲೇ ತಲೆಯಾಡಿಸುತ್ತಿದ್ದೆವು. ಹುಡುಗ ಹೇಳಿದ್ದು ಸರಿ ಎಂದು ಕನ್ನಡದಲ್ಲೇ ಗಟ್ಟಿಯಾಗಿ ಹೇಳಲು ಒಬ್ಬನಿಗೂ ಬಾಯಿ ಬರಲಿಲ್ಲ, ನನ್ನನ್ನೂ ಸೇರಿಸಿ.

ಇನ್ನು ಬೈಕಿನ ಹೆಸರು ಹೇಳುತ್ತಲೇ ಕಣ್ಣರಳಿಸುವ ನಮ್ಮ ಹುಡುಗರು! ಕನ್ನಡ ಬಾವುಟ ಕಟ್ಟಿಕೊಂಡು, ಸೈಲೆನ್ಸರ್ ಬಿಚ್ಚಿ ಬೀದಿ ಬೀದಿ ಗುಡುಗಿಸುವುದೇ ಗಾಡಿ ಪ್ರೀತಿ ಅಂದುಕೊಂಡಿದ್ದಾರೆ. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನಲ್ಲೇ ಇದೆ. ಸುಪ್ರೀಂ ಕೋರ್ಟು 2019ರಲ್ಲಿ ಅದನ್ನೇ ಎತ್ತಿ ಹಿಡಿಯಿತು, ಅದೇ ವರ್ಷ ಬಂದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು. ದುಡ್ಡು ಕೊಟ್ಟು ತಂದು ಸಿಕ್ಕಿಸುವುದರಲ್ಲಿ ಏನು ಗಂಡಸುತನವಿದೆ? ಮುರಿದ ಬ್ರಾಕೆಟ್ಟನ್ನು ಅಳೆದು, ಮೊದಲಿದ್ದಂತೆ ಮಾಡಿ ಕೂರಿಸು ನೋಡೋಣ. ಬ್ರೇಕು, ಸ್ಟೀರಿಂಗು ಮಾತ್ರ ಮುಟ್ಟಬೇಡ, ಅಲ್ಲಿ ನಿನ್ನ ಪ್ರಯೋಗಕ್ಕೆ ಬೇರೆಯವರ ಪ್ರಾಣ ಹೋಗುತ್ತದೆ.

ಎರಡನೆಯ ಬ್ರಾಕೆಟ್ಟನ್ನು ಹುಡುಗ ಅಪ್ಪನ ಶೆಡ್ಡಿನಲ್ಲೇ ಮಾಡಿದ. ಎಡಗೈಗೆ ಕಟ್ಟು ಇತ್ತು, ಅಳತೆ ಅವನು ಹೇಳಿದ, ಕತ್ತರಿಸಿದ್ದು ಅಪ್ಪ. ಮೊದಲ ಸಲಕ್ಕೇ ಕೂತಿತು.

ನಾವು ಆ ಹನ್ನೊಂದು ಸಾಲನ್ನೂ ಕನ್ನಡದಲ್ಲಿ ಬರೆದು, ತಗಡಿನ ಮೇಲೆ ಪೇಂಟ್ ಮಾಡಿಸಿ ವರ್ಕ್‌ಶಾಪಿಗೆ ಕೊಟ್ಟು ಮೂರು ವಾರವಾಯಿತು. ಇನ್ನೂ ಅವರ ಆಫೀಸಿನ ಬೀರುವಿನ ಹಿಂದೆಯೇ ಇದೆ. 'ಗೋಡೆಯ ಡಿಸೈನಿಗೆ ಹೊಂದುವುದಿಲ್ಲ' ಅಂತೆ. ಬರುವ ಶನಿವಾರ ಬೆಳಿಗ್ಗೆ ಹತ್ತಕ್ಕೆ ಮತ್ತೆ ಹೋಗುತ್ತಿದ್ದೇವೆ, ಹುಡುಗನೂ ಬರುತ್ತಾನೆ. ಕೂಗಾಟ ಬೇಡ, ಕಲ್ಲು ಬೇಡ, ಮಸಿ ಬೇಡ. ಮೊಳೆ ಸುತ್ತಿಗೆ ನಾವೇ ತರುತ್ತೇವೆ, ಗೋಡೆಯಲ್ಲಿ ಜಾಗ ಅವರು ತೋರಿಸಲಿ.