ಕೀಲಿಕೈಗೆ ಮೊದಲು ಪಾಸ್‌ಬುಕ್

18 ವರ್ಷ ತುಂಬುವ ತನಕ ಮಕ್ಕಳಿಗೆ ಕಾನೂನಿನಲ್ಲಿ ಸ್ಥಾನವೇ ಇಲ್ಲವೆಂದು ಭಾವಿಸುವವರು ಅನೇಕರಿದ್ದಾರೆ. ತುಂಬಿದ ಮರುದಿನವೇ ಸಕಲ ವಿವೇಕವೂ ಬಂದುಬಿಡುವುದೆಂದು ನಂಬುವವರೂ ಇದ್ದಾರೆ. ಎರಡೂ ಸರಿಯಲ್ಲ. ನಮ್ಮ ದೇಶದ ಕಾನೂನು ಮಕ್ಕಳನ್ನು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹತ್ತಿಸುತ್ತದೆ.

7 ವರ್ಷದೊಳಗಿನ ಮಗು ಮಾಡಿದ ತಪ್ಪು ಅಪರಾಧವೆನಿಸುವುದಿಲ್ಲ. 6ರಿಂದ 14 ವರ್ಷದವರೆಗೆ ಉಚಿತ ಶಿಕ್ಷಣ ಪಡೆಯುವುದು ಮಗುವಿನ ಹಕ್ಕೆಂದು 2009ರ ಕಾಯಿದೆ ಸಾರಿದೆ. 2016ರ ತಿದ್ದುಪಡಿಯ ಅನಂತರ 18 ವರ್ಷದೊಳಗಿನವರನ್ನು ಅಪಾಯಕರ ಉದ್ಯೋಗಗಳಿಗೆ ಹಚ್ಚುವಂತಿಲ್ಲ. ಅಪ್ರಾಪ್ತವಯಸ್ಕರು ಬರೆದುಕೊಟ್ಟ ಸಾಲಪತ್ರ ಊರ್ಜಿತವಾಗದು. 1872ರ ಕರಾರು ಕಾಯಿದೆಯ ಈ ಅರ್ಥವನ್ನು 1903ರಲ್ಲಿ ಪ್ರಿವಿ ಕೌನ್ಸಿಲ್ ಸ್ಪಷ್ಟಪಡಿಸಿತು. ಎಳೆಯರ ಆಸ್ತಿ ಲೇವಾದೇವಿಗಾರರ ಪಾಲಾಗದಿರಲೆಂದೇ ಈ ಕಟ್ಟು.

ಆದರೆ ನಮ್ಮ ಮನೆಗಳಲ್ಲಿ ನಡೆಯುತ್ತಿರುವುದೇನು? ಹೈಸ್ಕೂಲು ಹುಡುಗನ ಕೈಗೆ ಮೊದಲು ಸಿಗುವುದು ಸ್ಕೂಟರಿನ ಕೀಲಿಕೈ. ಬಸ್ಸು ಕಡಿಮೆ, ಟ್ಯೂಷನ್ ದೂರವೆಂಬ ಕಷ್ಟ ನಿಜವೇ. ಹಾಗಿದ್ದರೂ 2019ರ ಮೋಟಾರು ವಾಹನ ತಿದ್ದುಪಡಿಯನ್ನು ಹೆತ್ತವರು ಒಮ್ಮೆ ಓದಬೇಕು. ಲೈಸನ್ಸಿಲ್ಲದ ಅಪ್ರಾಪ್ತವಯಸ್ಕನು ವಾಹನದಿಂದ ಅಪರಾಧವೆಸಗಿದರೆ ಪೋಷಕರು ಅಥವಾ ವಾಹನದ ಒಡೆಯರೇ ತಪ್ಪಿತಸ್ಥರು. ತಮಗೆ ತಿಳಿಯದೆ ನಡೆಯಿತೆಂದು ಅವರೇ ರುಜುವಾತು ಮಾಡಬೇಕು. ಇಲ್ಲವಾದರೆ 3 ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗಂತೂ 25 ವರ್ಷ ತುಂಬುವ ತನಕ ಲೈಸನ್ಸಿಲ್ಲ. ಮಗನ ಅರ್ಧ ಗಂಟೆಯ ಸವಾರಿಗೆ ಇಡೀ ಮನೆ ತೆರುವ ಬೆಲೆಯಿದು. ಬಿದ್ದು ಪ್ರಾಣವೇ ಹೋದರಂತೂ ಯಾವ ದಂಡದ ಲೆಕ್ಕವೂ ಸಾಲದು.

ಇನ್ನೊಂದೆಡೆ, ಕಾನೂನು ತಾನಾಗಿ ಕೊಟ್ಟಿರುವ ಹೊಣೆಯನ್ನು ನಾವು ಮಕ್ಕಳಿಗೆ ಒಪ್ಪಿಸುತ್ತಿಲ್ಲ. 10 ವರ್ಷ ತುಂಬಿದವರು ಬ್ಯಾಂಕಿನಲ್ಲಿ ಉಳಿತಾಯ ಖಾತೆ ತೆರೆದು, ಬ್ಯಾಂಕು ವಿಧಿಸುವ ಮಿತಿಯೊಳಗೆ ತಾವೇ ನಡೆಸಬಹುದೆಂದು ರಿಸರ್ವ್ ಬ್ಯಾಂಕು 2014ರಲ್ಲೇ ಅನುಮತಿಸಿದೆ. ಆ ಖಾತೆಯಲ್ಲಿ ಇದ್ದಷ್ಟೇ ಹಣ, ಸಾಲ ಸಿಗದು. ಪುಸ್ತಕ, ಬಸ್ಸು, ಬಟ್ಟೆಯ ಖರ್ಚನ್ನು ಅದರಿಂದಲೇ ತೂಗಿಸುವ ಮಕ್ಕಳು ಬೇಕು ಬೇಡಗಳನ್ನು ತಾವೇ ಕಲಿಯುತ್ತಾರೆ. ತಪ್ಪಿದರೂ ನಷ್ಟ ಕೆಲವು ರೂಪಾಯಿಗಳದ್ದು. ಪೆಟ್ಟು ಯಾರಿಗೂ ತಗಲುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ಮನೆಯಲ್ಲಿ ಹಕ್ಕು ಕೇಳುವಾಗ ಈ ಹೊಣೆಯನ್ನೂ ಕೇಳಿ ಪಡೆಯಿರಿ. ಹೆತ್ತವರು ಕೀಲಿಕೈಯನ್ನು 18ರವರೆಗೆ ತಮ್ಮಲ್ಲೇ ಇರಿಸಿಕೊಂಡು, ಬರುವ ಬೇಸಿಗೆ ರಜೆಯಲ್ಲಿ ಮಗನನ್ನೂ ಮಗಳನ್ನೂ ಒಮ್ಮೆ ಬ್ಯಾಂಕಿಗೆ ಕರೆದೊಯ್ಯಬೇಕೆಂದು ವಿನಂತಿ.