ನಮ್ಮೂರಿನದೆಂದರೆ ಹಿತವೇ?

ಬೆಂಗಳೂರಿನ ಕಿರು ಬಿಯರ್ ತಯಾರಿಕಾ ಘಟಕಗಳಲ್ಲಿ ಇಂದು ರಾಗಿ, ಮಾವುಗಳ ಹೆಸರು ಹೊತ್ತ ಬಿಯರುಗಳೂ ದೊರೆಯುತ್ತಿವೆ. ಹೊಸ ರುಚಿಯನ್ನು ಅರಸಿ ಹೋಗುವುದು ಅನೇಕ ತರುಣರ ಹವ್ಯಾಸವಾಗಿದೆ. "ಇದು ನಮ್ಮೂರಿನದು, ತಾಜಾ, ಧಾನ್ಯದಿಂದಾದದ್ದು, ಕೇಡೇನು?" ಎಂದು ಭಕ್ತರ ಮನೆಯ ಮಕ್ಕಳೇ ನಮ್ಮನ್ನು ಕೇಳುತ್ತಾರೆ.

ಧಾನ್ಯವೇನೋ ಒಳ್ಳೆಯದೇ. ಆದರೆ ಹುದುಗುವಾಗ ಅದರ ಸಕ್ಕರೆಯು ಆಲ್ಕೋಹಾಲ್ ಆಗಿ ಮಾರ್ಪಡುತ್ತದೆ. ಶೇಕಡಾ 5 ಆಲ್ಕೋಹಾಲ್ ಇರುವ ಅರ್ಧ ಲೀಟರ್ ಬಿಯರಿನಲ್ಲಿ ಅದರ ತೂಕ ಸುಮಾರು 20 ಗ್ರಾಂ. ಅದು ರಾಗಿಯದೋ ಬಾರ್ಲಿಯದೋ ಎಂದು ಯಕೃತ್ತು ವಿಚಾರಿಸುವುದಿಲ್ಲ. ಮದ್ಯವು ಕ್ಯಾನ್ಸರ್‌ಕಾರಕವೆಂದೂ ಅದಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ.

ಹೆಂಡ ಮಾರುವ ಕಾಯಕದ ಮಾರಯ್ಯನವರು ಕುಡುಕರಿಗೆ ತಿಳಿಹೇಳಿ ತಿದ್ದಿದರೆಂದು ಶರಣ ಪರಂಪರೆ ಸ್ಮರಿಸುತ್ತದೆ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆಯೊಡ್ಡಿ ಬೇಡಿದ್ದು ಹಣವನ್ನಲ್ಲ, ದುಶ್ಚಟಗಳನ್ನು. ಆದ್ದರಿಂದ ಹಿರಿಯರು ಮಕ್ಕಳನ್ನು ಗದರಿಸಿ ದೂರ ಮಾಡದಿರಲಿ. ಕೂರಿಸಿಕೊಂಡು ಈ ಲೆಕ್ಕವನ್ನು ತಿಳಿಸಲಿ. ನಿತ್ಯ ಕುಡಿಯುವವರು ಥಟ್ಟನೆ ನಿಲ್ಲಿಸುವುದು ಅಪಾಯಕರವಾಗಬಹುದು. ಅವರು ವೈದ್ಯರ ಸಲಹೆಯಂತೆಯೇ ಬಿಡಲಿ. ರಾಗಿಯ ರುಚಿ ಬೇಕೆನಿಸಿದವರಿಗೆ ಮನೆಯ ಅಂಬಲಿ, ಮಜ್ಜಿಗೆ ಇದ್ದೇ ಇವೆ. ದೇಹವೇ ದೇಗುಲವೆಂದು ನಂಬಿದ ನಾವು ಅದರೊಳಗೆ ಏನನ್ನು ಬಿಡುತ್ತೇವೆಂಬ ಎಚ್ಚರವನ್ನೂ ಹೊಂದಿರಬೇಕಲ್ಲವೇ?