ಕ್ಲೀನ್‌ರೂಮಿನ ಒಳಗಿರುವವರನ್ನೂ ಕೇಳಿ



ದೇಶದಲ್ಲೇ ತಯಾರಾಗುವ ವೈದ್ಯಕೀಯ ಸಾಧನಗಳ ಬಗ್ಗೆ ಬರುವ ಲೇಖನಗಳಲ್ಲಿ ಹೂಡಿಕೆ, ರಫ್ತಿನ ಮಾತೇ ಹೆಚ್ಚು. ಅವನ್ನು ಜೋಡಿಸುವ ನಮ್ಮಂಥವರ ಸುದ್ದಿಯೇ ಇಲ್ಲ.

ಕ್ಯಾತಿಟರ್ ಜೋಡಿಸುವ ಕ್ಲೀನ್‌ರೂಮಿಗೆ ಹೋಗುವಾಗ ಬಳೆ, ಹೂವು, ಕುಂಕುಮ, ಪೌಡರ್ ಎಲ್ಲ ಹೊರಗೇ. ನೀರು ಕುಡಿಯಬೇಕೆಂದರೂ ಗೌನು, ಮಾಸ್ಕು ಕಳಚಿ ಆಚೆ ಬರಬೇಕು. (ಅದಕ್ಕೇ ಹಲವರು ನೀರನ್ನೇ ಕಡಿಮೆ ಮಾಡಿದ್ದಾರೆ, ಅದು ಬೇರೆ ಮಾತು.) ಬ್ಯಾಚ್ ದಾಖಲೆಯಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ, ತಿದ್ದುವುದಾದರೆ ಒಂದೇ ಗೆರೆ ಎಳೆದು, ಸಹಿ, ತಾರೀಖು ಹಾಕಬೇಕು. ಇಷ್ಟೆಲ್ಲ ಯಾಕೆಂದರೆ, ಕೊನೆಯಲ್ಲಿ ಹಾಯಿಸುವ ಎಥಿಲೀನ್ ಆಕ್ಸೈಡ್ ಅನಿಲ ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆಯೇ ಹೊರತು ಟ್ಯೂಬಿನೊಳಗೆ ಬಿದ್ದ ಕೂದಲೆಳೆಯನ್ನು ತೆಗೆಯುವುದಿಲ್ಲ. ಅದನ್ನು ಕಾಣಬೇಕಾದ್ದು ನಮ್ಮ ಕಣ್ಣು.

2017ರ ವೈದ್ಯಕೀಯ ಸಾಧನಗಳ ನಿಯಮಗಳು ಸಾಧನಗಳನ್ನು ಅಪಾಯದ ಮಟ್ಟ ನೋಡಿ ಎ, ಬಿ, ಸಿ, ಡಿ ಎಂದು ವಿಂಗಡಿಸಿವೆ. ಸಿಬ್ಬಂದಿಯ ತರಬೇತಿಯ ದಾಖಲೆಯನ್ನೂ ಕೇಳುತ್ತವೆ. ಆದರೆ ಗುತ್ತಿಗೆಯ ಮೇಲೆ ಬಂದವರು ಕೆಲಸ ಕಲಿಯುವಷ್ಟರಲ್ಲಿ ಬದಲಾಗಿಬಿಡುತ್ತಾರೆ. ಕಡತ ದಪ್ಪವಾಗುತ್ತದೆ, ಕೈ ಪಳಗುವುದಿಲ್ಲ. ಪಳಗಿದವರನ್ನು ಕಾಯಂ ಮಾಡಿಕೊಳ್ಳುವುದನ್ನು ಕಂಪನಿಗಳು ಗುಣಮಟ್ಟದ ಖರ್ಚಿಗೇ ಸೇರಿಸಲಿ. ತಪಾಸಣೆಗೆ ಬರುವ ಅಧಿಕಾರಿಗಳೂ ಕಡತ ನೋಡಿದ ಮೇಲೆ ಲೈನಿನಲ್ಲಿ ನಿಂತವರನ್ನು ಒಂದಿಷ್ಟು ಮಾತಾಡಿಸಲಿ.

– ಒಬ್ಬ ಉತ್ಪಾದನಾ ತಂತ್ರಜ್ಞೆ, ಬೆಂಗಳೂರು